ಕೊಂಡದ ಬಲಗಡೆ

ನಾನು ಓದು ಬಿಟ್ಟದ್ದು ೧೯೫೦ರಲ್ಲಿ, ಅಪ್ಪ ತೀರಿಕೊಂಡ ವರ್ಷ. ಮಿಡ್ಲ್ ಸ್ಕೂಲಿನ ಕೊನೆಯ ತರಗತಿಯಲ್ಲಿ ಅರ್ಧಕ್ಕೆ ಎದ್ದು ಬಂದವನು ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ಯಾರಾದರೂ ಅಯ್ಯೋ ಅನ್ನಲಿ ಎಂದು ಇದನ್ನು ಹೇಳುತ್ತಿಲ್ಲ. ನನ್ನ ಅನ್ನ ನಾನು ದುಡಿದದ್ದು. ಈ ಬರಹವನ್ನೂ ಯಾರ ಕೈಯಲ್ಲೂ ತಿದ್ದಿಸಿಲ್ಲ.

ಶಾಲೆ ಬಿಟ್ಟ ಮೇಲೆ ಮಾಗಡಿ ರಸ್ತೆಯ ಟೋಲ್‌ಗೇಟಿನ ಆಚೆ ಇದ್ದ ಒಂದು ಮರದ ಡಿಪೋಗೆ ಸೇರಿದೆ. ಅಲ್ಲಿ ಆಗ ಯಂತ್ರವಿರಲಿಲ್ಲ, ಗರಗಸದ ಗುಂಡಿ ಇತ್ತು. ಗುಂಡಿಯ ಮೇಲೆ ಅಡ್ಡಲಾಗಿ ದಿಮ್ಮಿ ಇಟ್ಟು, ಒಬ್ಬ ದಿಮ್ಮಿಯ ಮೇಲೆ ನಿಂತು, ಇನ್ನೊಬ್ಬ ಗುಂಡಿಯೊಳಗೆ ಇಳಿದು, ಉದ್ದನೆಯ ಗರಗಸವನ್ನು ಮೇಲಕ್ಕೂ ಕೆಳಕ್ಕೂ ಎಳೆಯಬೇಕು. ಮೇಲೆ ನಿಲ್ಲುತ್ತಿದ್ದವರು ಮೇಸ್ತ್ರಿ. ಕೆಳಗೆ ನಾನು. ಆ ಮೇಸ್ತ್ರಿ ಕಳೆದ ಶ್ರಾವಣದಲ್ಲಿ ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಒಂದು ಊರಿನ ಹೆಸರೂ ಹೊರಗೆ ಬರುತ್ತದೆ. ಅದು ಅವರಿಗೆ ಇಷ್ಟವಿರಲಿಲ್ಲ.

ಮೊದಲ ದಿನ ಗುಂಡಿಗೆ ಇಳಿದಾಗ ನನಗೆ ಬೆವರು ಕಿತ್ತುಬಂತು. ತಲೆಯ ಮೇಲೆ ಆನೆಯಂಥ ದಿಮ್ಮಿ, ಕಣ್ಣಿನ ತುಂಬ ಮರದ ಪುಡಿ. ಹೆದರಿದ್ದು ತಿಳಿಯಬಾರದೆಂದು ಹಲ್ಲು ಕಚ್ಚಿ ಎಳೆಯುತ್ತಿದ್ದೆ. ಮೇಲೆ ಗರಗಸ ನಿಂತಿತು.

“ಭಯ ಆಗ್ತಾ ಇದೆಯೇನೋ?”

“ಇಲ್ಲ ಮೇಸ್ತ್ರಿ.”

“ನಂಗಾಗ್ತಾ ಇದೆ. ಮೇಲೆ ಬಾ. ಇನ್ನೊಂದು ಸಲ ಬೆಣೆ ಬಡಿಯೋಣ.”

ಹತ್ತಿ ಬಂದು ನೋಡಿದರೆ ದಿಮ್ಮಿ ಅಲುಗದಂತೆ ಕೊಟ್ಟಿದ್ದ ಬೆಣೆ ನಿಜಕ್ಕೂ ಸಡಿಲವಾಗಿತ್ತು. ಅವರು ಅದನ್ನು ಬಡಿದು, ಎಲೆಅಡಿಕೆ ಬಾಯಿಗಿಟ್ಟು, ಮತ್ತೆ ದಿಮ್ಮಿ ಹತ್ತಿದರು.

ಮೇಸ್ತ್ರಿ ಹೆದರುಪುಕ್ಕಲರು. ಇದನ್ನು ಡಿಪೋದವರೆಲ್ಲ ಅವರ ಎದುರೇ ಹೇಳುತ್ತಿದ್ದರು, ಅವರೂ ಹೌದು ಅನ್ನುತ್ತಿದ್ದರು. ನಾಯಿ ಕಂಡರೆ ಭಯ. ಬಾವಿಗೆ ಬಗ್ಗಿ ನೋಡುತ್ತಿರಲಿಲ್ಲ. ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದರೆ ನನ್ನ ಸೊಂಟ ಹಿಡಿದುಕೊಂಡು ದಾರಿಯುದ್ದಕ್ಕೂ ದೇವರ ಹೆಸರು ಹೇಳುತ್ತಿದ್ದರು. ಮೈಸೂರು ರಸ್ತೆ ದಾಟುವಾಗ ಲಾರಿಗಳ ಅಬ್ಬರಕ್ಕೆ ಪಕ್ಕದಲ್ಲಿ ಯಾರಿದ್ದರೂ ಸರಿ, ಅವರ ಕೈ ಹಿಡಿಯುತ್ತಿದ್ದರು. ಒಮ್ಮೆ ಹೀಗೆ ಗುರುತೇ ಇಲ್ಲದ ಒಬ್ಬ ಪೊಲೀಸಿನವನ ಕೈ ಹಿಡಿದಿದ್ದಾರೆ. ಅವನು ಏನು ಎಂದು ಕೇಳಿದ್ದಕ್ಕೆ, ದಾಟೋವರೆಗೂ ಬಿಡಬೇಡಿ ಸ್ವಾಮಿ ಎಂದರಂತೆ. ಅವನೂ ಬಿಡದೆ ದಾಟಿಸಿದನಂತೆ.

ಅಂಥ ಮನುಷ್ಯ ಬೇಸಿಗೆ ಬಂದರೆ ಬೆಂಕಿಯ ಕೆಲಸಕ್ಕೆ ಹೊರಡುತ್ತಿದ್ದರು.

ಯುಗಾದಿ ಕಳೆದು ಮೊದಲ ಮಳೆ ಬೀಳುವ ತನಕ ನಮ್ಮ ಈ ಪಡುವಣ ಹಳ್ಳಿಗಳಲ್ಲಿ ಮಂಗಳವಾರ ಬಂತೆಂದರೆ ಎಲ್ಲೋ ಒಂದು ಕಡೆ ಹಬ್ಬ. ಕೆಂಗೇರಿಯ ಸುತ್ತ ಒಂದು ವಾರ, ಉಲ್ಲಾಳದ ಕಡೆ ಇನ್ನೊಂದು ವಾರ, ನಾಗರಬಾವಿ ದಾಟಿ ಹೇರೋಹಳ್ಳಿಯ ಕಡೆಗೆ ಮತ್ತೊಂದು. ರಾಮನವಮಿಗೆ ಹೊಸ ಬಡಾವಣೆಯವರು ಚಪ್ಪರ ಹಾಕಿ ಪಾನಕ ಮಜ್ಜಿಗೆ ಹಂಚುತ್ತಿದ್ದರು. ಹುಣ್ಣಿಮೆಗೆ ಪೇಟೆಯಲ್ಲಿ ಕರಗ. ಪೇಟೆಯವರು ನೋಡಲು ಹೋಗುತ್ತಾರೆ. ನಾವು ಹಳ್ಳಿಯವರು ಹಬ್ಬದೊಳಗೇ ಇರುತ್ತಿದ್ದೆವು. ಹಬ್ಬ ಸಾರಿದರೆಂದರೆ ಆ ಊರಿನವರು ಮುಗಿಯುವ ತನಕ ಬೇರೆ ಊರಿನಲ್ಲಿ ಮಲಗುವಂತಿಲ್ಲ, ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಅಷ್ಟು ದಿನ ಊರಿಗೆ ಊರೇ ಸಾಸಿವೆ ಸಿಡಿಯುವ ಸದ್ದಿಲ್ಲದೆ ಸುಮ್ಮನಿರುತ್ತಿತ್ತು. ಚಿಕ್ಕವನಿದ್ದಾಗಿನಿಂದ ನನಗೆ ಆ ಮೌನ ಕಂಡರೆ ಹೆದರಿಕೆ. ಯಾರೋ ಬರುತ್ತಿದ್ದಾರೆ, ಬಾಗಿಲ ಹತ್ತಿರ ಬಂದಿದ್ದಾರೆ ಅನ್ನುವಂಥ ಮೌನ ಅದು.

ಹಬ್ಬದ ಕೊನೆಗೆ ಕೊಂಡ. ಗುಡಿಯ ಮುಂದೆ ಉದ್ದಕ್ಕೆ ಗುಂಡಿ ತೋಡಿ, ಗಾಡಿಗಟ್ಟಲೆ ಸೌದೆ ಸುಟ್ಟು, ಕೆಂಡ ಹಾಸಿ, ಹರಕೆ ಹೊತ್ತವರು ಬರಿಗಾಲಲ್ಲಿ ಅದರ ಮೇಲೆ ಹಾಯುತ್ತಾರೆ. ಆ ಕೆಂಡ ಹಾಸಿ ಕೊಡುವವರು ನಮ್ಮ ಮೇಸ್ತ್ರಿ. ಅವರಪ್ಪನಿಂದ ಬಂದ ಕೆಲಸ. ಊರಿನಿಂದ ಊರಿಗೆ ನಡೆದೇ ಹೋಗುತ್ತಿದ್ದರು. ಯಾವ ಸೌದೆ ಮೊದಲು, ಯಾವುದು ಮೇಲೆ, ಯಾವ ಹೊತ್ತಿಗೆ ಬೂದಿ ಬೀಸಬೇಕು ಎಲ್ಲ ಅವರದೇ. ಜಾಲಿ ಸೌದೆ ಬೇಡ ಎನ್ನುತ್ತಿದ್ದರು. ಅದರ ಕೆಂಡ ಮೇಲೆ ಆರಿದಂತೆ ಕಂಡು ಒಳಗೆ ಉರಿಯುತ್ತಿರುತ್ತದಂತೆ. ಕೆಂಡದ ಹತ್ತಿರ ಅಂಗೈ ಹಿಡಿಯುತ್ತಿರಲಿಲ್ಲ, ಮುಂಗೈ ಹಿಂಭಾಗ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಎಷ್ಟೋ ವರ್ಷದ ಶಾಖಕ್ಕೆ ಅವರ ಬಲಗೈ ಮೇಲೆ ಒಂದು ಕೂದಲೂ ಇರಲಿಲ್ಲ. ಎಡ ಹುಬ್ಬೂ ಇರಲಿಲ್ಲ.

ಆದರೆ ಅವರು ಒಂದು ಸಲವೂ ಕೊಂಡ ಹಾಯ್ದವರಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ. “ಭಯ ಕಣಪ್ಪ.”

ಕೆಂಗೇರಿಯ ಆಚೆ ಒಂದು ಹಳ್ಳಿಯಲ್ಲಿ ಗಾಳಿ ಎದ್ದು ಕೆಂಡ ಮತ್ತೆ ಉರಿಯತೊಡಗಿದ ಸಂಜೆ ನೆನಪಿದೆ. ತಮಟೆ ಬಡಿಯುತ್ತಿದೆ, ಜನ ಸೇರಿದ್ದಾರೆ, ಮೇಸ್ತ್ರಿ ಕೊಂಡದ ಬಾಯಿಗೆ ಅಡ್ಡ ನಿಂತು ಬಿಡಲೊಲ್ಲರು. ಊರಿನ ಗೌಡರು ಬಾಯಿಗೆ ಬಂದಂತೆ ಬೈದರು. ಮೇಸ್ತ್ರಿ ಕೈ ಮುಗಿದುಕೊಂಡು, “ನಂಗೆ ಹೆದರಿಕೆ ಆಗ್ತದೆ ಗೌಡ್ರೇ, ಬೇರೆ ಕಾರಣ ಇಲ್ಲ” ಎಂದರು. ಜಾಗ ಮಾತ್ರ ಬಿಡಲಿಲ್ಲ. ಗಾಳಿ ನಿಂತ ಮೇಲೇ ಜನ ಹಾಯ್ದರು. ಅವತ್ತು ಅವರಿಗೆ ಪ್ರಸಾದ ಕೊಡುವುದನ್ನೂ ಗೌಡರು ಮರೆತರು. ದಾರಿಯಲ್ಲಿ ನನಗೆ ಸಿಟ್ಟು, ಅವರಿಗೆ ನಗು.

ನಾನು ಡಿಪೋ ಸೇರಿದ ಮೂರನೆಯ ಚಳಿಗಾಲದಲ್ಲಿ ನನಗೆ ಸಿಡುಬು ಎದ್ದಿತು. ನಮ್ಮ ಕಡೆ ಆ ಹೆಸರು ಹೇಳುವುದಿಲ್ಲ, ಅಮ್ಮ ಬಂದಿದ್ದಾಳೆ ಅನ್ನುತ್ತೇವೆ. ಬೇವಿನ ಸೊಪ್ಪಿನ ಮೇಲೆ ಬಿದ್ದಿದ್ದವನಿಗೆ ಅವ್ವ ಯಾವಾಗ ಹರಕೆ ಹೊತ್ತಳೋ ತಿಳಿಯದು. ಮಗ ಉಳಿದರೆ ಬೇಸಿಗೆ ಹಬ್ಬದಲ್ಲಿ ತನ್ನ ತವರೂರಿನ ಕೊಂಡ ಹಾಯುತ್ತೇನೆಂದು. ನಾನು ಉಳಿದೆ. ಅವ್ವ ಹೇಳಿದ ದಿನದಿಂದ ನನಗೆ ನಿದ್ದೆ ಹೋಯಿತು. ಕೊಂಡ ಹಾಸುವುದನ್ನು ಹತ್ತಿರದಿಂದ ನೋಡಿದವನು ನಾನು. ಒಂದು ಸಲ ಒಬ್ಬ ಹೆಂಗಸು ಮುಗ್ಗರಿಸಿದ್ದನ್ನೂ ನೋಡಿದ್ದೆ. ಅವಳ ಕೂಗು ಅವ್ವನ ದನಿಯಲ್ಲಿ ಕೇಳಿಸುತ್ತಿತ್ತು.

ನೀವಾದರೂ ಹೇಳಿ, ಬೇರೆ ಹರಕೆಗೆ ಬದಲಾಯಿಸಿಕೊಳ್ಳಲಿ ಎಂದು ಮೇಸ್ತ್ರಿಯನ್ನು ಬೇಡಿದೆ. ಅವರು ಗರಗಸದ ಹಲ್ಲಿಗೆ ಅರ ಹಾಕಿ ಚೂಪು ಮಾಡುತ್ತಾ ಕೂತಿದ್ದರು. “ಬೆಂಕಿಗಿಂತ ನಿಮ್ಮವ್ವನ ಕಂಡ್ರೆ ನಂಗೆ ಭಯ ಜಾಸ್ತಿ. ಕೆಂಡ ಚೆನ್ನಾಗಿ ಹಾಸಿ ಕೊಡ್ತೀನಿ, ಬಿಡು” ಎಂದರು.

ಹಬ್ಬದ ದಿನ ಬೆಳಗ್ಗೆಯೇ ಸೌದೆಗೆ ಬೆಂಕಿ ಬಿತ್ತು. ಆ ಊರಿನಲ್ಲಿ ಹೊತ್ತು ಮುಳುಗುವ ಮುಂಚೆ ಹಾಯುವ ಪದ್ಧತಿ. ಅವ್ವ ಕೈಗೆ ಅರಿಸಿನದ ಕೊಂಬಿನ ಕಂಕಣ ಕಟ್ಟಿಕೊಂಡು, ಉಪವಾಸವಿದ್ದು, ಉಳಿದ ಹರಕೆಯವರ ಜೊತೆ ಕೆರೆಯ ಕಡೆ ಹೋದಳು. ನಾನು ಮೇಸ್ತ್ರಿಯ ಜೊತೆ ಕೊಂಡದ ಹತ್ತಿರವೇ ಉಳಿದೆ.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಜ್ಜಿ ಬಂದರು. ಹಿಂದೆ ಇಬ್ಬರು ಒಂದು ಹಳೆಯ ಬಾಗಿಲ ಚೌಕಟ್ಟನ್ನು ಹೊತ್ತು ತಂದರು. ಅಜ್ಜಿಯ ಮನೆ ಊರಿನ ಅಂಚಿನಲ್ಲಿತ್ತು. ಹೊಸ ಬಡಾವಣೆಗೆಂದು ಅಳತೆಯ ಕಲ್ಲು ನೆಟ್ಟು, ಮನೆ ಕೆಡವಿದ್ದರು. ಹೆಂಚು ಹೋಯಿತು, ತೊಲೆ ಹೋಯಿತು, ಬಾಗಿಲ ಚೌಕಟ್ಟು ಮಾತ್ರ ಯಾರಿಗೂ ಕೊಡದೆ ಇಟ್ಟುಕೊಂಡಿದ್ದರು.

“ಯಾವನೋ ಹೋಟ್ಲೋನು ಒಲೆಗೆ ಹಾಕೋ ಬದ್ಲು ನಮ್ಮಮ್ಮಂಗೆ ಸೇರ್ಲಿ ಕಣಪ್ಪ. ಈ ಹೊಸ್ತಿಲು ದಾಟ್ಕಂಡೇ ನಾನು ಸೊಸೆಯಾಗಿ ಬಂದಿದ್ದು” ಎಂದರು.

ಸುತ್ತಲಿದ್ದವರೆಲ್ಲ ಕೈ ಮುಗಿದರು. ಅರಿಸಿನ ಕುಂಕುಮ ಸುಣ್ಣ ಸೇರಿ ಹೊಸ್ತಿಲಿನ ಮೇಲೆ ಬೆರಳು ದಪ್ಪದ ಪದರ ಕಟ್ಟಿತ್ತು. ಮೇಸ್ತ್ರಿ ಅದರ ಮೇಲೆ ಕೈಯಾಡಿಸಿದರು. ಡಿಪೋದಲ್ಲಾದರೆ ಹಳೆಯ ಮರ ಬಂದಾಗ ಸುತ್ತಿಗೆಯಿಂದ ಮೊಳ ಮೊಳಕ್ಕೂ ತಟ್ಟಿ, ಇದ್ದಬದ್ದ ಮೊಳೆ ಕಿತ್ತ ಮೇಲೇ ಗರಗಸ ಮುಟ್ಟಿಸುತ್ತಿದ್ದರು. ಮೊಳೆ ಸಿಕ್ಕರೆ ಗರಗಸ ಹೋಗುತ್ತದೆ. ಆದರೆ ದೇವರಿಗೆಂದು ತಂದದ್ದನ್ನು, ಅದೂ ಒಬ್ಬ ಮುದುಕಿಯ ಹೊಸ್ತಿಲನ್ನು, ಅವಳ ಕಣ್ಣೆದುರು ಸುತ್ತಿಗೆ ಹಿಡಿದು ತಟ್ಟುವುದು ಹೇಗೆ? ತಟ್ಟಲಿಲ್ಲ. ಚೌಕಟ್ಟನ್ನು ಬಿಚ್ಚಿ, ಗುಡಿಗೆ ಮುಖ ಮಾಡಿ ನಿಂತರೆ ಕೊಂಡದ ಬಲಗಡೆ ಬರುವಂತೆ ಬೆಂಕಿಯ ಮೇಲೆ ಉದ್ದಕ್ಕೆ ಇಡಿಸಿದರು. ಅಜ್ಜಿ ಅಡ್ಡಬಿದ್ದು ಎದ್ದರು.

ಇಳಿಹೊತ್ತಿಗೆ ಸೌದೆಯೆಲ್ಲ ಕೆಂಡವಾಯಿತು. ಬೆಂಕಿ ಬಿದ್ದ ಮೇಲೆ ಕೊಂಡಕ್ಕೆ ಕಬ್ಬಿಣ ಮುಟ್ಟಿಸಬಾರದು, ಅಮ್ಮನಿಗೆ ಆಗದು ಎಂದು ನಂಬಿಕೆ. ಹಸಿ ಬಿದಿರಿನ ಗಳದಲ್ಲಿ ನಾವು ನಾಲ್ಕು ಜನ ಕೆಂಡವನ್ನು ಎಳೆದು ಹರಡುತ್ತಿದ್ದೆವು. ಎರಡು ಸುತ್ತು ಮುಗಿದಿತ್ತು. ಮೇಸ್ತ್ರಿಯ ಗಳ ನಿಂತಿತು. ಗರಗಸದಲ್ಲಿ ಏನಾದರೂ ಸಿಕ್ಕಾಗ ಅವರ ಮುಖ ಹೇಗಾಗುತ್ತಿತ್ತೋ ಹಾಗೇ ಆಯಿತು. ಗಳದ ತುದಿಯಿಂದ ಮೆಲ್ಲಗೆ ಏನನ್ನೋ ದಡಕ್ಕೆ ಎಳೆದರು. ಬೆರಳುದ್ದದ ಕಮ್ಮಾರನ ಮೊಳೆ. ಕೆಂಡಕ್ಕಿಂತ ಕೆಂಪಗೆ ಹೊಳೆಯುತ್ತಿತ್ತು. ಕೂಡಲೇ ಅದರ ಮೇಲೆ ಬೂದಿ ಎಳೆದರು.

ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟೇ. “ಚೌಕಟ್ಟಿಂದು. ಇನ್ನೂ ಅವೆ. ಬಲಗಡೆ ಇಟ್ಟಿದ್ದೆ, ಆದ್ರೆ ಎರಡು ಸಲ ಎಳ್ದಾಗಿದೆ. ಎಲ್ಲಿಗೆ ಹರಡ್ಕೊಂಡವೋ ಗೊತ್ತಿಲ್ಲ.”

ಕೆಂಡ ಕಾಲಿಗೆ ಒಂದು ಕ್ಷಣ ಸೋಕಿ ಹೋಗುತ್ತದೆ. ಕಾದ ಕಬ್ಬಿಣ ಹಾಗಲ್ಲ, ಕಚ್ಚಿ ಹಿಡಿಯುತ್ತದೆ. ಕಾಲಿಗೆ ಚುಚ್ಚಿದರೆ ಮನುಷ್ಯ ಅಲ್ಲೇ ಬೀಳುತ್ತಾನೆ. ಬಿದ್ದವನ ಮೇಲೆ ಹಿಂದಿನವನು. ನಿಲ್ಲಿಸಿ ಎಂದೆ. ಎಲ್ಲರಿಗೂ ಹೇಳಿ ಎಂದೆ. ಅವರು ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯ ಕಡೆ ಕಣ್ಣು ತೋರಿಸಿದರು. ಕೊಂಡಕ್ಕೆ ಕಬ್ಬಿಣ ಹಾಕಿದವಳು ಎಂದರೆ ಆ ವರ್ಷ ಊರಿನಲ್ಲಿ ಸತ್ತ ದನ, ಬಂದ ಜ್ವರ ಎಲ್ಲ ಅವಳ ತಲೆಗೆ ಬರುತ್ತಿತ್ತು. ಮನೆಯೂ ಇಲ್ಲದ ಮುದುಕಿ.

ನಾನು ಕೆರೆಯ ಕಡೆ ಓಡಿದೆ. ಅವ್ವ ಒದ್ದೆ ಸೀರೆಯಲ್ಲಿ, ಹಣೆ ತುಂಬ ಕುಂಕುಮವಿಟ್ಟು, ಬೇವಿನ ಸೊಪ್ಪು ಹಿಡಿದು ಮೆರವಣಿಗೆಯ ಸಾಲಿನಲ್ಲಿ ನಿಂತಿದ್ದಳು. ಪಕ್ಕಕ್ಕೆ ಎಳೆದು ಹೇಳಿದೆ. ಕಾಲು ಹಿಡಿದುಕೊಂಡೆ.

“ಇನ್ಯಾರ್ಗೆ ಹೇಳ್ದೆ?”

“ಯಾರ್ಗೂ ಇಲ್ಲ.”

“ಹೇಳ್ಬೇಡ. ಆ ಮುದ್ಕಿ ಬದ್ಕಲ್ಲ.” ನನ್ನ ಮುಖದ ಮೇಲಿನ ಕಲೆಗಳನ್ನು ಒಂದು ಸಲ ನೋಡಿದಳು. “ಕಂಕಣ ಕಟ್ಟಿರೋದು ನಿನ್ನ ಹೆಸ್ರಿಗೆ ಕಣೋ. ಹಾಯದೆ ಬಿಚ್ಚಲ್ಲ.”

ತಮಟೆಯವರು ಹೊರಟರು. ಅವ್ವ ಸಾಲಿಗೆ ಸೇರಿಕೊಂಡಳು. ನಾನು ಹೊಲದ ಅಡ್ಡದಾರಿಯಲ್ಲಿ ಓಡಿ ಬಂದು ಮೇಸ್ತ್ರಿಗೆ, ಅವ್ವ ಕೇಳುವುದಿಲ್ಲ ಎಂದೆ. ಅವರು ಆಗಲೂ ಗಳ ಹಿಡಿದು ಕೆದಕುತ್ತಿದ್ದರು. ದಡದ ಬೂದಿಯಲ್ಲಿ ಇನ್ನೂ ಎರಡು ಮೊಳೆ ಮುಚ್ಚಿಟ್ಟಿದ್ದರು. ತಮಟೆಯ ಸದ್ದು ಊರಬಾಗಿಲಿಗೆ ಬಂತು. ಗಳ ಕೆಳಗಿಟ್ಟರು.

“ಬಲಗಡೆ ತುಳೀಬೇಡಿ ಅಂತ ನಾನು ಹೇಳಿದ್ರೆ ಯಾಕೆ ಅಂತಾರೆ. ಕೊಂಡ ಹಾಯ್ದು ಬಂದೋನು ಹೇಳಿದ್ರೆ ಯಾರೂ ಯಾಕೆ ಅನ್ನಲ್ಲ” ಎಂದರು.

ಅವರು ಏನು ಹೇಳುತ್ತಿದ್ದಾರೆಂದು ತಿಳಿಯುವ ಹೊತ್ತಿಗೆ ಗುಡಿಯ ಬಾವಿಯ ನೀರು ತಲೆಯ ಮೇಲೆ ಸುರಿದುಕೊಂಡಿದ್ದರು. ಮೆರವಣಿಗೆ ಬಂದು ನಿಂತಿತು. ಪೂಜಾರಪ್ಪ ದೇವರ ಕಳಶ ಹೊತ್ತು ಕೊಂಡದ ಬಾಯಿಗೆ ಬಂದಾಗ ಮೇಸ್ತ್ರಿ ಅವನ ಮುಂದೆ ಕೈ ಮುಗಿದು, ಈ ಸಲ ನನ್ನನ್ನು ಮುಂದೆ ಬಿಡಿ, ಹರಕೆ ಇದೆ ಎಂದರು. ಜನ ನಕ್ಕರು. ಮೇಸ್ತ್ರಿಗೆ ಬಿಸಿಲು ಜಾಸ್ತಿ ಆಯ್ತು ಎಂದು ಯಾರೋ ಹಿಂದಿನಿಂದ ಅಂದರು. ಪೂಜಾರಪ್ಪ ಅವರ ಮುಖ ನೋಡಿದ. ನಗಲಿಲ್ಲ. ಕಳಶದ ಮೇಲಿನ ಹೂವು ಕೊಟ್ಟು ದಾರಿ ಬಿಟ್ಟ.

ಕೊಂಡವನ್ನು ಜನ ಓಡಿ ದಾಟುತ್ತಾರೆ. ಮೇಸ್ತ್ರಿ ಎಡಗಡೆ ಇಳಿದು, ಕೆರೆಯಲ್ಲಿ ಬಿದ್ದುಹೋದ ತಂಬಿಗೆಯನ್ನು ಕಾಲಲ್ಲಿ ತಡಕುವವರ ಹಾಗೆ, ಪಾದ ಎತ್ತದೆ ಎಳೆಯುತ್ತಾ ಹೋದರು. ಒಂದು ಕಾಲನ್ನು ಅತ್ತ ಸರಿಸುವುದು, ಇನ್ನೊಂದನ್ನು ಇತ್ತ. ಜನ ಮೊದಲು ಬೆಚ್ಚಿದರು. ಆಮೇಲೆ ಅಮ್ಮ ಬಂದವಳೆ, ಅಮ್ಮ ಬಂದವಳೆ ಎಂದು ಹೆಂಗಸರು ಅಳತೊಡಗಿದರು. ತಮಟೆ ಜೋರಾಯಿತು. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಗಡಗಡ ನಡುಗುತ್ತಿತ್ತು. ಅದು ಮೈಮೇಲೆ ಬಂದ ನಡುಕವಲ್ಲ. ಅವರು ಮೈಸೂರು ರಸ್ತೆ ದಾಟುವಾಗ ನಡುಗುತ್ತಿದ್ದುದೇ ಹಾಗೆ. ನಡುವೆ ಒಂದು ಕಡೆ ನಿಂತರು. ಎಡಗಾಲನ್ನು ಒಮ್ಮೆ ಝಾಡಿಸಿದರು. ಏನೋ ಒಂದು ಕೆಂಪಗೆ ಹಾರಿ ಬಲಗಡೆ ಬಿತ್ತು. ಮತ್ತೆ ಎಳೆಯುತ್ತಾ ಹೋದರು.

ಆಚೆ ದಡ ಹತ್ತಿ, ಹಾಯ್ದವರ ಕಾಲು ತಣಿಯಲೆಂದು ಹಾಲು ಸುರಿದಿದ್ದ ಕೆಸರಿನಲ್ಲಿ ಕಾಲೂರಿ ತಿರುಗಿ ನಿಂತರು. ಅವರ ದನಿಯನ್ನು ನಾನು ಅಷ್ಟು ಎತ್ತರಕ್ಕೆ ಕೇಳಿರಲಿಲ್ಲ.

“ಬಲಗಡೆ ಅಮ್ಮ ನಿಂತವಳೆ. ಅವಳ ಜಾಗ ತುಳೀಬೇಡಿ. ಎಡಗಡೆ ಬನ್ನಿ, ನನ್ನ ಹೆಜ್ಜೆ ಮೇಲೆ ಬನ್ನಿ.”

ಪೂಜಾರಪ್ಪ ಎಡಗಡೆ ಹಾಯ್ದ. ಹಿಂದೆ ಒಬ್ಬೊಬ್ಬರೇ. ಅವ್ವ ಇಳಿಯುವಾಗ ನಾನು ಕಣ್ಣು ಮುಚ್ಚಬಾರದು ಎಂದುಕೊಂಡಿದ್ದೆ. ಮುಚ್ಚಿಬಿಟ್ಟೆ. ತೆಗೆದಾಗ ಅವಳು ಆಚೆ ದಡದಲ್ಲಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಮೇಸ್ತ್ರಿಯ ಎಡ ಪಾದದಲ್ಲಿ ಮೊಳೆ ಎಳೆದ ಗಾಯ ಹಿಮ್ಮಡಿಯ ತನಕ ಇತ್ತು. ಅವ್ವ ಬೆಣ್ಣೆ ಹಚ್ಚಿ ಬಟ್ಟೆ ಕಟ್ಟಿದಳು. ಗಾಯ ಮಾಯುವ ಹೊತ್ತಿಗೆ ಮಳೆಗಾಲ ಬಂದಿತ್ತು. ಆಮೇಲೆ ಅವರಿಗೆ ದಿಮ್ಮಿಯ ಮೇಲೆ ನಿಲ್ಲಲಾಗಲಿಲ್ಲ. ಗುಂಡಿಗೆ ಇಳಿದರು, ನಾನು ಮೇಲೆ ಹತ್ತಿದೆ. ಬೆಣೆ ನೋಡಿದ್ಯೇನೋ ಎಂದು ಕೆಳಗಿನಿಂದ ದಿನವೂ ಕೇಳುತ್ತಿದ್ದರು.

ಅವರ ನಿಜವಾದ ಭಯ ಶುರುವಾದದ್ದು ಆ ಹಬ್ಬದ ಮೇಲೆ. ಮರುವರ್ಷ ಆ ಊರಿಗೆ ಹೋದರೆ, ಕೆಂಡ ಹಾಸಿದ ಕೂಡಲೇ ಹೆಂಗಸರು ಬಂದು ಬಲಗಡೆಗೆ ಹೂವು ಎರಚಿದರು. ಅಮ್ಮ ನಿಲ್ಲುವ ಜಾಗ ಎಂದರು. ಹಾಯುವವರೆಲ್ಲ ಎಡಗಡೆಯೇ ಹಾಯ್ದರು. ಅದರ ಮುಂದಿನ ವರ್ಷವೂ ಹಾಗೇ. ಮಕ್ಕಳಿಗೆ ಹೇಳಿಕೊಟ್ಟರು. ಈಗ ಊರಿನ ಅರ್ಧ ಬಡಾವಣೆಯೊಳಗೆ ಹೋಗಿದೆ, ಆದರೂ ಬೇಸಿಗೆಯಲ್ಲಿ ಕೊಂಡ ನಡೆಯುತ್ತದೆ, ಬಲಗಡೆ ಯಾರೂ ತುಳಿಯುವುದಿಲ್ಲ. ನೋಡಲು ಹೋದವರು ನೋಡಬಹುದು.

ಮೇಸ್ತ್ರಿಗೆ ಇದು ತಡೆಯಲಾಗಲಿಲ್ಲ. ಕುಂಟುತ್ತಾ ಪ್ರತಿ ವರ್ಷ ಹೋಗಿ, ಕೆಂಡ ಹಾಸಿಕೊಟ್ಟು, ಬಲಗಡೆಯ ದಡದಲ್ಲಿ ಕೈ ಮುಗಿದು ನಿಲ್ಲುತ್ತಿದ್ದರು. ತಪ್ಪಾಯ್ತು ತಾಯಿ ಎನ್ನುತ್ತಿದ್ದದ್ದು ಪಕ್ಕದಲ್ಲಿದ್ದ ನನಗೆ ಕೇಳುತ್ತಿತ್ತು. ಒಂದು ದಿನ ಗುಂಡಿಯೊಳಗಿನಿಂದಲೇ ಗರಗಸ ನಿಲ್ಲಿಸಿ ಹೇಳಿದರು. “ಬೆಂಕಿಗೆ ಹೆದರಿದ್ರೆ ದೂರ ನಿಲ್ಲಬಹುದು ಕಣೋ. ಅವಳ ಹೆಸರಲ್ಲಿ ಸುಳ್ಳು ಹೇಳ್ಬಿಟ್ಟೆ. ಅವಳಿಂದ ಎಷ್ಟು ದೂರ ನಿಲ್ಲಲಿ?”

ನಾನು ಬಗ್ಗಿ ಬೆಣೆಯನ್ನು ಇನ್ನೊಂದು ಸಲ ಬಡಿದೆ.

ಕಳೆದ ವರ್ಷ ಆಷಾಢದಲ್ಲಿ ಹಾಸಿಗೆ ಹಿಡಿದರು. ನಾನೂ ಅವ್ವನೂ ನೋಡಲು ಹೋದೆವು. ಮಾತು ನಿಂತು ನಿಂತು ಬರುತ್ತಿತ್ತು. ಕೋಣೆಯ ಬಲ ಮೂಲೆಯ ಕಡೆ ನೋಡುವುದು, ಮುಖ ತಿರುಗಿಸಿಕೊಳ್ಳುವುದು ಮಾಡುತ್ತಿದ್ದರು. ಕೈ ಹುಡುಕಿದರು. ನಾನು ಹಿಡಿದುಕೊಂಡೆ. ಲಾರಿಗಳ ನಡುವೆ ಹಿಡಿಯುತ್ತಿದ್ದಷ್ಟೇ ಬಿಗಿಯಾಗಿ ಹಿಡಿದರು.

“ನಾನು ಹೋದ್ರೆ ಅವಳು ಕೇಳ್ತಾಳೆ ಕಣಮ್ಮ, ನಾನ್ಯಾವಾಗ ಬಲಗಡೆ ನಿಂತಿದ್ದೆ ಅಂತ” ಎಂದು ಅವ್ವನಿಗೆ ಹೇಳಿದರು.

ಅವ್ವ ಅವರ ಕಾಲ ಬಳಿ ಕೂತಿದ್ದಳು. ಹೊದಿಕೆಯ ಮೇಲಿಂದಲೇ ಎಡ ಪಾದದ ಮೇಲೆ ಕೈ ಇಟ್ಟಳು.

“ನಿಂತಿದ್ಲು ಅಣ್ಣಯ್ಯ. ನಾನು ಹಾಯೋವಾಗ ನೋಡ್ದೆ.”

ಮೇಸ್ತ್ರಿ ಅವಳ ಮುಖ ನೋಡಿದರು. ನನ್ನ ಕೈ ಮೇಲಿದ್ದ ಹಿಡಿತ ಸಡಿಲವಾಯಿತು. ಆಮೇಲೆ ನಿದ್ದೆ ಹೋದರು. ಶ್ರಾವಣದ ಮೊದಲ ವಾರದಲ್ಲಿ ತೀರಿಕೊಂಡರು.

ಅವ್ವ ಅವತ್ತು ಹೇಳಿದ್ದು ನಿಜವೋ, ಅವರಿಗಾಗಿ ಅಂದದ್ದೋ ನಾನು ಕೇಳಿಲ್ಲ. ದಾರಿಯಲ್ಲಿ ಬರುವಾಗ ಕೇಳಬೇಕೆಂದಿದ್ದೆ. ಅವಳು ಸೆರಗು ಹೊದ್ದುಕೊಂಡು ನನ್ನ ಮುಂದೆ ಬಿರಬಿರನೆ ನಡೆಯುತ್ತಿದ್ದಳು. ಬೆಂಕಿಗಿಂತ ಅವಳನ್ನು ಕಂಡರೆ ನನಗೂ ಭಯ.

ಈಗ ನನ್ನದೆಂದು ಇರುವುದು ಮಾಗಡಿ ರಸ್ತೆಯ ಪಕ್ಕ ಸ್ವಂತದ ಗರಗಸದ ಗುಂಡಿ ಒಂದು, ಗರಗಸ ಎರಡು, ಜೊತೆಗೆ ದುಡಿಯುವವರು ಮೂವರು, ಹೆಂಚಿನ ಮನೆ ಒಂದು, ಹೆಂಡತಿ, ಒಂದು ಹೆಣ್ಣುಮಗು, ಮತ್ತೆ ಅವ್ವ.